ಹಿತ್ತಲಲ್ಲಿ ನಾಣ್ಯ ಹುಡುಕುವವರಿಗೆ ಆಳಕ್ಕಿಂತ ಮೊಳೆಯೇ ದೊಡ್ಡ ತೊಡಕು

ಯಾವ ಮೆಟಲ್ ಡಿಟೆಕ್ಟರ್ ಜಾಸ್ತಿ ಆಳಕ್ಕೆ ಹೋಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಮನೆಯ ಹಿತ್ತಲಲ್ಲಿ ಆಳ ಅಷ್ಟು ದೊಡ್ಡ ವಿಷಯವಲ್ಲ. ಕೈತಪ್ಪಿ ಬಿದ್ದ ನಾಣ್ಯ ಹೆಚ್ಚಾಗಿ ಒಂದು ಗೇಣಿನೊಳಗೇ ಸಿಗುತ್ತದೆ. ಎರೆಹುಳುಗಳು ಅಡಿಯ ಮಣ್ಣನ್ನು ಮೇಲೆ ತಂದು ಹಾಕುತ್ತಾ ಹೋದಂತೆ ನೆಲದ ಮೇಲಿನ ವಸ್ತು ನಿಧಾನಕ್ಕೆ ಹೂತುಹೋಗುತ್ತದೆ. ಚಾರ್ಲ್ಸ್ ಡಾರ್ವಿನ್ 1881ರಲ್ಲೇ ಇದನ್ನು ವಿವರವಾಗಿ ಬರೆದಿದ್ದ.

ನಿಜವಾದ ತೊಡಕು ಕಬ್ಬಿಣ. ಮನೆ ಕಟ್ಟುವಾಗ, ರಿಪೇರಿ ಮಾಡುವಾಗ ಬಿದ್ದ ಮೊಳೆ, ತಂತಿ ಎಲ್ಲ ಅಲ್ಲೇ ಇರುತ್ತವೆ. ಡಿಟೆಕ್ಟರಿನ ಕೆಳತುದಿಯ ತಂತಿಸುರುಳಿ, ಅಂದರೆ ಕಾಯಿಲ್, ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅದರಿಂದ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ತಿರುಗಿ ಬರುವ ಸಿಗ್ನಲ್ ನೋಡಿ ಯಂತ್ರ ಲೋಹ ಯಾವುದೆಂದು ಊಹಿಸಿ ದನಿ ಮಾಡುತ್ತದೆ. ಬೆಳ್ಳಿ, ತಾಮ್ರಕ್ಕೆ ಸ್ಕ್ರೀನ್ ಮೇಲೆ ದೊಡ್ಡ ಸಂಖ್ಯೆ, ಕಬ್ಬಿಣಕ್ಕೆ ಚಿಕ್ಕದು. ಆದರೆ ಮೊಳೆಯೂ ನಾಣ್ಯವೂ ಒಟ್ಟಿಗೆ ಕಾಯಿಲ್ ಕೆಳಗೆ ಬಂದರೆ ನಾಣ್ಯದ ದನಿ ಮುಚ್ಚಿಹೋಗುತ್ತದೆ. ಕಬ್ಬಿಣ ಬೇಡವೆಂದು ಡಿಸ್ಕ್ರಿಮಿನೇಷನ್ (ಬೇಡದ ಲೋಹದ ದನಿ ಅಡಗಿಸುವ ಸೆಟ್ಟಿಂಗ್) ಏರಿಸಿಟ್ಟವರಿಗೆ ಅಲ್ಲಿ ಏನೂ ಕೇಳಿಸುವುದೇ ಇಲ್ಲ. ಅದಕ್ಕೇ ನಾನು ಹಿತ್ತಲಿಗೆ 6 ಇಂಚಿನ ಚಿಕ್ಕ ಕಾಯಿಲ್ ಹಾಕುತ್ತೇನೆ. ಕಬ್ಬಿಣದ ದನಿಯನ್ನು ಪೂರ್ತಿ ಅಡಗಿಸುವುದಿಲ್ಲ. ಕಾಯಿಲನ್ನು ನೆಲಕ್ಕೆ ತೀರಾ ಹತ್ತಿರ ಹಿಡಿದು ತುಂಬಾ ನಿಧಾನವಾಗಿ ಆಡಿಸುತ್ತೇನೆ. ಅವಸರ ಮಾಡುವವರಿಗೆ ಇದು ಬೇಸರ ತರಿಸಬಹುದು, ಆದರೆ ಬೇರೆಯವರು ಹುಡುಕಿ ಬಿಟ್ಟ ಜಾಗದಲ್ಲೂ ನಾಣ್ಯ ಸಿಗುವುದು ಹೀಗೇ.

ದನಿ ಬಂದ ತಕ್ಷಣ ಅಗೆಯಬೇಡಿ. 90 ಡಿಗ್ರಿ ತಿರುಗಿ ನಿಂತು ಮತ್ತೆ ಆಡಿಸಿ. ಎರಡೂ ದಿಕ್ಕಿನಿಂದ ಅದೇ ಜಾಗದಲ್ಲಿ ಚೊಕ್ಕ ದನಿ ಬಂದರೆ ಒಳ್ಳೆಯ ಲಕ್ಷಣ. ಬಾಗಿದ ಮೊಳೆಯಾದರೆ ದನಿ ಒಡೆಯುತ್ತದೆ, ಇಲ್ಲವೇ ಜಾಗ ಬದಲಾಗುತ್ತದೆ. ಅನುಮಾನದ ದನಿಯನ್ನೂ ನಾನು ಸುಮ್ನೆ ಬಿಡುವುದಿಲ್ಲ. ಅಂಚಿನ ಮೇಲೆ ನಿಂತ ನಾಣ್ಯವೂ ಹೀಗೇ ತೊದಲುತ್ತದೆ.

ಶುರು ಮಾಡಲು ಒಳ್ಳೆಯ ಜಾಗ ಎಂದರೆ ಜನ ಕೂತ, ಬಗ್ಗಿದ, ಓಡಾಡಿದ ಕಡೆ: ಮೆಟ್ಟಿಲ ಪಕ್ಕ, ಹಳೆ ಮರದ ನೆರಳು, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ. ಮನೆಯವರ ಒಪ್ಪಿಗೆ ಮೊದಲು. ಕರೆಂಟ್ ಕೇಬಲ್, ಗ್ಯಾಸ್ ಪೈಪ್ ಎಲ್ಲಿ ಹೋಗಿವೆ ಎಂದೂ ಕೇಳಿಕೊಳ್ಳಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಭಾರತದಲ್ಲಿ 1878ರ ನಿಧಿ ಕಾಯ್ದೆ ಇದೆ, ಇಂಗ್ಲೆಂಡಿನಲ್ಲಿ 1996ರದ್ದು. ಓದಿಕೊಂಡೇ ಇಳಿಯಿರಿ.

ಹುಲ್ಲಿದ್ದರೆ ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೆಯದನ್ನು ಬಾಗಿಲಿನ ಕೀಲಿನಂತೆ ಬಿಟ್ಟು ಮಗುಚಿ. ಮಣ್ಣನ್ನು ಬಟ್ಟೆಯ ಮೇಲೆ ಹಾಕಿಕೊಂಡರೆ ವಾಪಸ್ ತುಂಬಿದಾಗ ಗುರುತೂ ಉಳಿಯದು.

ಸಿಕ್ಕ ನಾಣ್ಯವನ್ನು ಬೆರಳಿನಿಂದ ಉಜ್ಜಬೇಡಿ. ಎಲ್ಲರಿಗೂ ತಡೆಯಲಾಗದ ಆಸೆ ಇದು, ಅಲ್ವಾ? ಆದರೆ ಅಂಟಿದ ಒಂದೇ ಮರಳಿನ ಕಣ ಬೆಳ್ಳಿಯ ಮೇಲೆ ಎಂದೂ ಹೋಗದ ಗೀರು ಬೀಳಿಸುತ್ತದೆ. ಬೆಳ್ಳಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತಾಮ್ರಕ್ಕೆ ನೀರೂ ಬೇಡ. ಮಣ್ಣು ತಾನಾಗಿ ಒಣಗಲಿ, ಆಮೇಲೆ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಬಿಡಿಸಿ. ಅದರ ಮೇಲಿನ ಗಟ್ಟಿ ಹಸಿರು ಪದರ ಕೊಳೆಯಲ್ಲ. ಇಸವಿ, ಅಕ್ಷರ ಎಷ್ಟೋ ಸಲ ಆ ಪದರದಲ್ಲೇ ಉಳಿದಿರುತ್ತವೆ, ಕೆರೆದರೆ ಅವೂ ಹೋಗುತ್ತವೆ. ಪುಡಿಪುಡಿಯಾದ ತಿಳಿ ಹಸಿರು ಕಂಡರೆ ಮಾತ್ರ ಆ ನಾಣ್ಯವನ್ನು ಬೇರೆ ಒಣ ಡಬ್ಬಿಯಲ್ಲಿಡಿ. ತೇವ ತಾಗಿದಷ್ಟೂ ಅದು ಲೋಹವನ್ನು ತಿನ್ನುತ್ತಾ ಹೋಗುತ್ತದೆ.