ಪ್ರವಾಸದಲ್ಲಿ ಕಂಡ ಹುಳು ಯಾವ ಚಿಟ್ಟೆಯದೆಂದು ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ಬೇಸಿಗೆ ರಜೆಯಲ್ಲಿ ಕಾಡು, ಬೆಟ್ಟ, ಹಳ್ಳಗಳ ಕಡೆಗೆ ಹೋದಾಗಲೆಲ್ಲ ಚಿಟ್ಟೆಗಳ ಮತ್ತು ಹುಳುಗಳ ಫೋಟೊ ತೆಗೆದುಕೊಂಡು ಬರುತ್ತೇವೆ. ಚಿಟ್ಟೆಗಳ ಹೆಸರು ಹೇಗೋ ಸಿಗುತ್ತದೆ, ಹುಳುಗಳದ್ದು ಮಾತ್ರ ಸಿಗುವುದೇ ಇಲ್ಲ. ಹುಳುವನ್ನು ನೋಡಿ ಅದು ಮುಂದೆ ಯಾವ ಚಿಟ್ಟೆಯಾಗುತ್ತದೆ ಎಂದು ಹೇಳಲು ಸಾಧ್ಯವೇ?

ಉತ್ತರ: ಅನೇಕ ಸಲ ಸಾಧ್ಯ. ಆದರೆ ಹುಳುವನ್ನಷ್ಟೇ ನೋಡಿ ಹೇಳುವುದು ಕಷ್ಟ. ಅದು ಯಾವ ಗಿಡದ ಎಲೆಯನ್ನು ತಿನ್ನುತ್ತಿತ್ತು ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ನೀವು ತೆಗೆದ ಫೋಟೊಗಳನ್ನು ಇನ್ನೊಮ್ಮೆ ತೆರೆದು ನೋಡಿ. ಹುಳು ಚೌಕಟ್ಟಿನ ತುಂಬ ಸ್ಪಷ್ಟವಾಗಿ ಮೂಡಿದ್ದು, ಅದರಡಿಯ ಎಲೆ ಒಂದು ಹಸಿರು ಮಸುಕಾಗಿ ಉಳಿದಿದ್ದರೆ, ಹೆಸರು ಸಿಗದಿರುವುದಕ್ಕೆ ಕಾರಣ ಬಹುಶಃ ಅಲ್ಲಿಯೇ ಇದೆ.

ಚಿಟ್ಟೆಗಳ ಹುಳುಗಳಲ್ಲಿ ಹೆಚ್ಚಿನವು ಸಿಕ್ಕ ಎಲೆಯನ್ನೆಲ್ಲ ತಿನ್ನುವುದಿಲ್ಲ. ಒಂದೊಂದು ಪ್ರಭೇದಕ್ಕೂ ಗೊತ್ತಾದ ಒಂದು ಗಿಡವೋ, ಒಂದೇ ಸಸ್ಯಕುಟುಂಬಕ್ಕೆ ಸೇರಿದ ಕೆಲವು ಗಿಡಗಳೋ ಇರುತ್ತವೆ. ಮೊಟ್ಟೆಯಿಡಲು ಬಂದ ಹೆಣ್ಣು ಚಿಟ್ಟೆ ಎಲೆಯಿಂದ ಎಲೆಗೆ ಹಾರುತ್ತಾ ಪ್ರತಿಯೊಂದರ ಮೇಲೂ ಮುಂಗಾಲುಗಳಿಂದ ಪಟಪಟನೆ ಬಡಿಯುವುದನ್ನು ನೀವು ಕಂಡಿರಬಹುದು; ಆ ಕಾಲುಗಳ ತುದಿಯಲ್ಲಿ ರುಚಿಯನ್ನು ಗ್ರಹಿಸುವ ಸೂಕ್ಷ್ಮ ಅಂಗಗಳಿದ್ದು, ಎಲೆಯಲ್ಲಿರುವ ರಾಸಾಯನಿಕಗಳನ್ನು ಅವು ಪರೀಕ್ಷಿಸುತ್ತವೆ. ಹುಳುವಿಗೂ ಇದೇ ರುಚಿಯ ಹಟವಿದೆ. ಎಲೆಕೋಸು ಮತ್ತು ಸಾಸಿವೆ ಬಳಗದ ಗಿಡಗಳನ್ನು ತಿನ್ನುವ ಬಿಳಿ ಚಿಟ್ಟೆಯ ಹುಳುಗಳು, ತಾವು ಸಾಮಾನ್ಯವಾಗಿ ಮುಟ್ಟದ ಬೇರೆ ಗಿಡಗಳ ಎಲೆಗೂ ಸಾಸಿವೆ ಬಳಗದ ಗಿಡದ ರಸವನ್ನು ಸವರಿಕೊಟ್ಟರೆ ತಿನ್ನುತ್ತವೆ ಎಂಬುದನ್ನು ವೆರ್ಷಾಫೆಲ್ಟ್ ಎಂಬ ಡಚ್ ವಿಜ್ಞಾನಿ 1910ರಲ್ಲಿಯೇ ತೋರಿಸಿದ್ದರು. ಅದಕ್ಕೂ ಬಹಳ ಹಿಂದೆ, 1679ರಲ್ಲಿ ಪ್ರಕಟವಾದ ತಮ್ಮ ಚಿತ್ರಗಳಲ್ಲಿ ಜರ್ಮನಿಯ ಮರಿಯಾ ಸಿಬಿಲ್ಲಾ ಮೆರಿಯನ್ ಅವರು ಹುಳು, ಕೋಶ ಮತ್ತು ರೆಕ್ಕೆ ಬಂದ ಕೀಟ ಮೂರನ್ನೂ ಅವು ಅವಲಂಬಿಸಿದ ಗಿಡದ ಜೊತೆಯಲ್ಲಿಯೇ ಬರೆದರು. ಹುಳುಗಳನ್ನು ಗುರುತಿಸುವವರಿಗೆ ಇಂದಿಗೂ ಅದಕ್ಕಿಂತ ಒಳ್ಳೆಯ ಕ್ರಮವಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಹುಳು ಕಂಡ ಕೂಡಲೇ ಅದರ ಮುಖಕ್ಕೆ ಕ್ಯಾಮೆರಾ ಒಡ್ಡುವ ಮೊದಲು ಗಿಡದ ಮೂರು ನಾಲ್ಕು ಫೋಟೊ ತೆಗೆಯಿರಿ. ಇಡೀ ಗಿಡ ಕಾಣುವ ಒಂದು, ಎಲೆಗಳು ಕಾಂಡಕ್ಕೆ ಎದುರುಬದುರಾಗಿ ಕೂತಿವೆಯೋ ಒಂದಾದ ಮೇಲೊಂದರಂತೆ ಕೂತಿವೆಯೋ ಎಂಬುದು ತಿಳಿಯುವಂತೆ ಒಂದು, ಹೂವು ಅಥವಾ ಕಾಯಿ ಇದ್ದರೆ ಅದರದೊಂದು. ಮುರಿದು ಬಿದ್ದ ಎಲೆಯ ತೊಟ್ಟಿನಿಂದ ಹಾಲು ಒಸರುತ್ತಿದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಗಿಡದ ಹೆಸರು ನಿಮಗೆ ತಿಳಿದಿರಬೇಕಾಗಿಲ್ಲ. ಸಸ್ಯಗಳನ್ನು ಬಲ್ಲವರು ಹುಳುಗಳನ್ನು ಬಲ್ಲವರಿಗಿಂತ ಸುಲಭವಾಗಿ ಸಿಗುತ್ತಾರೆ.

ಇನ್ನು ಹುಳುವಿನ ವಿಷಯ. ನೀವು ಕಂಡದ್ದು ಚಿಟ್ಟೆಯ ಹುಳುವೇ ಆಗಿರಬೇಕೆಂದಿಲ್ಲ. ಲೆಕ್ಕದ ಪ್ರಕಾರ ಆಗಿರದ ಸಂಭವವೇ ಹೆಚ್ಚು. ವಿಜ್ಞಾನಿಗಳು ಈವರೆಗೆ ವಿವರಿಸಿರುವ ಚಿಟ್ಟೆ ಮತ್ತು ಪತಂಗಗಳ ಪ್ರಭೇದಗಳು ಒಟ್ಟು ಸುಮಾರು 1,60,000, ಅವುಗಳಲ್ಲಿ ಚಿಟ್ಟೆಗಳು ಸುಮಾರು 18,000 ಮಾತ್ರ. ಉಳಿದವೆಲ್ಲ ಪತಂಗಗಳು. ಚಿಟ್ಟೆಗಳ ಪುಸ್ತಕವನ್ನು ಪುಟಪುಟ ತಿರುವಿದರೂ ಹುಳು ಸಿಗದಿರುವುದಕ್ಕೆ ಇದು ಇನ್ನೊಂದು ಕಾರಣ.

ಇವೆರಡನ್ನು ಬೇರ್ಪಡಿಸಲು ಕಾಲುಗಳನ್ನು ಎಣಿಸುವುದು ನೆರವಾಗುತ್ತದೆ, ಅದಕ್ಕಾಗಿ ಹುಳುವಿನ ಫೋಟೊವನ್ನು ಮೇಲಿನಿಂದಲ್ಲದೆ ಪಕ್ಕದಿಂದಲೂ ತೆಗೆಯಬೇಕು. ಚಿಟ್ಟೆಯ ಹುಳುವಿಗೆ ತಲೆಯ ಹಿಂದೆಯೇ, ಎದೆಯ ಭಾಗದಲ್ಲಿ, ಗಂಟುಗಂಟಾದ ಮೂರು ಜೊತೆ ನಿಜವಾದ ಕಾಲುಗಳಿರುತ್ತವೆ. ಅಲ್ಲಿಂದ ಎರಡು ಖಂಡಗಳಷ್ಟು, ಎಂದರೆ ಮೈಯ ಎರಡು ಉಂಗುರಗಳಷ್ಟು, ಜಾಗ ಖಾಲಿ. ಅನಂತರ ಹೊಟ್ಟೆಯ ನಡುವೆ ಮೆತ್ತಗಿನ, ದಪ್ಪನೆಯ ನಾಲ್ಕು ಜೊತೆ ಹುಸಿಗಾಲುಗಳು, ಬಾಲದ ತುದಿಯಲ್ಲಿ ಮತ್ತೊಂದು ಜೊತೆ. ನಡುವಿನ ಹುಸಿಗಾಲುಗಳು ಬಹುಮಟ್ಟಿಗೆ ಕಾಣೆಯಾಗಿ, ಬೆನ್ನನ್ನು ಕಮಾನಿನಂತೆ ಎತ್ತಿ ಎಲೆಯ ಮೇಲೆ ಗೇಣು ಹಾಕಿ ಅಳೆಯುವಂತೆ ಸಾಗುವ ಹುಳುವಾದರೆ ಅದು ಪತಂಗದ್ದೇ. ಚಿಟ್ಟೆಗಳಲ್ಲಿ ಹಾಗೆ ನಡೆಯುವ ಹುಳುಗಳಿಲ್ಲ. ಬಾಲದ ಕಡೆ ಬೆನ್ನಿನ ಮೇಲೆ ಒಂಟಿ ಕೊಂಬಿದ್ದರೆ ಅದು ಬಹುಮಟ್ಟಿಗೆ ಹಾಕ್ ಮಾತ್ ಎಂಬ ಪತಂಗಗಳ ಬಳಗದ್ದು. ಹುಸಿಗಾಲುಗಳು ಆರು ಜೊತೆ ಅಥವಾ ಅದಕ್ಕಿಂತ ಹೆಚ್ಚಿದ್ದು, ಖಾಲಿ ಜಾಗ ಒಂದೇ ಖಂಡದಷ್ಟಿದ್ದರೆ ಅದು ಚಿಟ್ಟೆಯೂ ಅಲ್ಲ, ಪತಂಗವೂ ಅಲ್ಲ, ಕಣಜಗಳ ಸಂಬಂಧಿಯಾದ ಸಾಫ್ಲೈ ಎಂಬ ಕೀಟದ ಮರಿ. ಐದು ಜೊತೆ ಹುಸಿಗಾಲುಗಳು ಅನೇಕ ಪತಂಗಗಳ ಹುಳುಗಳಿಗೂ ಇರುವುದರಿಂದ, ಈ ಎಣಿಕೆ ಕೆಲವು ಹುಳುಗಳನ್ನು ಪಟ್ಟಿಯಿಂದ ಹೊರಗಿಡಬಲ್ಲದೇ ಹೊರತು, ಉಳಿದದ್ದು ಚಿಟ್ಟೆಯೇ ಎಂದು ಸಾಧಿಸಲಾರದು. ಮೈತುಂಬ ದಟ್ಟವಾದ ಉದ್ದ ಕೂದಲುಗಳಿರುವ ಕಂಬಳಿಹುಳು ಬಹುತೇಕ ಯಾವಾಗಲೂ ಪತಂಗದ್ದಾಗಿರುತ್ತದೆ.

ಚಿಟ್ಟೆಯದೇ ಎನಿಸಿದರೆ ಮುಂದಿನ ಹೆಜ್ಜೆ ಕುಟುಂಬವನ್ನು ಊಹಿಸುವುದು. ಎಕ್ಕದ ಗಿಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎಲೆಯ ಮೇಲೆ ಕಪ್ಪು ಮತ್ತು ಬಿಳಿ ಪಟ್ಟೆಗಳ ನಡುವೆ ಹಳದಿ ಚುಕ್ಕೆಗಳಿರುವ, ಯಾರಿಗೂ ಹೆದರದಂತೆ ಬಯಲಲ್ಲೇ ಕುಳಿತು ತಿನ್ನುವ ನುಣುಪು ಹುಳು ಕಂಡರೆ ಅದರ ಬೆನ್ನಿನಿಂದ ಎದ್ದಿರುವ ಕಪ್ಪು ಎಳೆಗಳನ್ನು ಎಣಿಸಿರಿ. ಆಫ್ರಿಕಾದಿಂದ ಏಷ್ಯಾದವರೆಗೆ ಹರಡಿರುವ ಪ್ಲೇನ್ ಟೈಗರ್ ಚಿಟ್ಟೆಯ ಹುಳುವಿಗೆ ಇಂತಹ ಎಳೆಗಳು ಮೂರು ಜೊತೆ: ತಲೆಯ ಹತ್ತಿರ ಒಂದು, ನಡುವೆ ಒಂದು, ಬಾಲದ ಹತ್ತಿರ ಒಂದು. ಅದೇ ಬಳಗದ ಬ್ಲೂ ಟೈಗರ್ ಹುಳುವಿಗೆ ಎರಡೇ ಜೊತೆ, ಅಮೆರಿಕಾ ಖಂಡದ ಪ್ರಸಿದ್ಧ ಮೊನಾರ್ಕ್‌ಗೂ ಎರಡೇ. ಕಣಗಿಲೆಯ ಮೇಲೆ ಅಥವಾ ಆಲ, ಅತ್ತಿಗಳ ಬಳಗದ ಮರಗಳ ಮೇಲೆ ಕಾಣುವ ಕಾಮನ್ ಕ್ರೋ ಹುಳುವಿಗೆ ನಾಲ್ಕು ಜೊತೆ. ಈ ಗಿಡಗಳೆಲ್ಲ ಹಾಲು ಸುರಿಸುವಂಥವು, ಹಲವು ವಿಷಕಾರಿ. ಆ ವಿಷವನ್ನು ಮೈಗೂಡಿಸಿಕೊಂಡ ಹುಳುಗಳನ್ನು ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬಣ್ಣದ ಪಟ್ಟೆಗಳು ಆ ಎಚ್ಚರಿಕೆಯ ಫಲಕಗಳು. ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದರೆ, ತಿನ್ನಲು ತೊಡಗುವ ಮುನ್ನ ಹುಳು ಎಲೆಯ ನಡುನರವನ್ನೋ ತೊಟ್ಟನ್ನೋ ಕಚ್ಚಿ, ಹಾಲೆಲ್ಲ ಅಲ್ಲಿಯೇ ಹರಿದುಹೋಗುವಂತೆ ಮಾಡುವುದೂ ಕಾಣಸಿಗಬಹುದು.

ನಿಂಬೆ, ಕಿತ್ತಳೆ, ಕರಿಬೇವುಗಳ ಮೇಲಿನ ಹುಳುಗಳು ಬೇರೆ ಪಾಠ ಹೇಳುತ್ತವೆ. ಮೊಟ್ಟೆಯಿಂದ ಹೊರಬಂದ ಚಿಟ್ಟೆಯ ಹುಳು ಸಾಮಾನ್ಯವಾಗಿ ನಾಲ್ಕು ಬಾರಿ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತದೆ, ಹಂತದಿಂದ ಹಂತಕ್ಕೆ ಬಣ್ಣವೇ ಬದಲಾಗಬಹುದು. ಲೈಮ್ ಚಿಟ್ಟೆಯ ಹುಳು ಎಳೆಯದಾಗಿರುವಾಗ ಕಂದು-ಬಿಳಿ ಬಣ್ಣದ ಹಕ್ಕಿಹಿಕ್ಕೆಯಂತೆಯೇ ಕಾಣುತ್ತದೆ, ಕೊನೆಯ ಹಂತದಲ್ಲಿ ಹಸಿರಾಗುತ್ತದೆ. ಎರಡನ್ನೂ ಒಂದೇ ಗಿಡದಲ್ಲಿ ಕಂಡವರು ಎರಡು ಬೇರೆ ಪ್ರಭೇದಗಳೆಂದುಕೊಳ್ಳುವುದು ಸಹಜ. ಅದೇ ಗಿಡಗಳನ್ನು ಕಾಮನ್ ಮಾರ್ಮನ್ ಚಿಟ್ಟೆಯ ಹುಳುವೂ ತಿನ್ನುತ್ತದೆ, ಅದೂ ಎಳೆತನದಲ್ಲಿ ಹಿಕ್ಕೆಯ ವೇಷದಲ್ಲಿಯೇ ಇರುತ್ತದೆ. ಇವೆರಡೂ ಸ್ವಾಲೋಟೇಲ್ ಎಂಬ ಕುಟುಂಬಕ್ಕೆ ಸೇರಿದವು. ಇಂತಹ ಕಡೆ ಪ್ರಭೇದದ ಹೆಸರಿಗಾಗಿ ಹಟ ಹಿಡಿಯದೆ ‘ಸ್ವಾಲೋಟೇಲ್ ಕುಟುಂಬ, ಎಳೆಯ ಹುಳು’ ಎಂದಷ್ಟೇ ಬರೆದುಕೊಳ್ಳುವುದು ಪ್ರಾಮಾಣಿಕ ಕ್ರಮ. ಕುಟುಂಬದ ಬಗ್ಗೆ ಅನುಮಾನವಿದ್ದರೆ ಅದನ್ನು ಹುಳುವೇ ಪರಿಹರಿಸುವುದುಂಟು: ಕೊಂಬೆ ಅಲುಗಿ ಗಾಬರಿಯಾದಾಗ ತಲೆಯ ಹಿಂದಿನಿಂದ ಕಿತ್ತಳೆಯೋ ಕೆಂಪೋ ಬಣ್ಣದ ಕವಲೊಡೆದ ಮೆತ್ತನೆಯ ಅಂಗವೊಂದು ಚಕ್ಕನೆ ಹೊರಬಂದು, ಘಾಟು ವಾಸನೆ ಹರಡಿ, ಮತ್ತೆ ಒಳಗೆ ಸರಿಯುತ್ತದೆ. ಈ ಅಂಗ ಇರುವುದು ಸ್ವಾಲೋಟೇಲ್ ಕುಟುಂಬದ ಹುಳುಗಳಲ್ಲಿ ಮಾತ್ರ. ಆದರೆ ಅದನ್ನು ನೋಡಲೆಂದೇ ಹುಳುವನ್ನು ಪದೇ ಪದೇ ಕೆಣಕಬಾರದು.

ಉಳಿದ ಕುಟುಂಬಗಳನ್ನು ಚುರುಕಾಗಿ ಹೇಳಿಬಿಡಬಹುದು. ಹುಲ್ಲಿನ ಮೇಲೆ, ಬಾಲ ಕವಲಾಗಿ, ತಲೆಯ ಮೇಲೆ ಎರಡು ಪುಟ್ಟ ಕೊಂಬುಗಳಿದ್ದರೆ ಬ್ರೌನ್ ಚಿಟ್ಟೆಗಳ ಗುಂಪನ್ನು ಶಂಕಿಸಿರಿ. ಕವಲೊಡೆದ ಮುಳ್ಳುಗಳ ಸಾಲುಗಳಿದ್ದರೆ ಪ್ಯಾನ್ಸಿ, ಪೇಂಟೆಡ್ ಲೇಡಿ ಮುಂತಾದವು. ಚಪ್ಪಟೆಯಾಗಿ, ತಲೆ ಕಾಣದಂತೆ ಮುದುಡಿಕೊಂಡಿದ್ದು, ಸುತ್ತ ಇರುವೆಗಳು ಓಡಾಡುತ್ತಿದ್ದರೆ ಅದು ಬ್ಲೂ ಚಿಟ್ಟೆಗಳ ಕುಟುಂಬದ್ದು. ಇರುವೆಗಳು ಅದನ್ನು ಕೊಲ್ಲುತ್ತಿಲ್ಲ, ಅದು ಸ್ರವಿಸುವ ಸಿಹಿದ್ರವಕ್ಕಾಗಿ ಕಾವಲಿವೆ, ಓಡಿಸಬೇಡಿ. ಸುರುಳಿ ಸುತ್ತಿದ ಎಲೆಯೊಳಗಿನ ಹುಳುವಿಗೆ ದೊಡ್ಡ ತಲೆಯೂ ಸಣ್ಣ ಕತ್ತೂ ಇದ್ದರೆ ಅದು ಸ್ಕಿಪ್ಪರ್. ಮಾವಿನ ಎಲೆಯ ಮೇಲಿನ ಬ್ಯಾರನ್ ಹುಳುವಿಗೆ ಮಾತ್ರ ನಾನು ಒಂದು ವಾಕ್ಯ ಹೆಚ್ಚು ಕೊಡುತ್ತೇನೆ: ಬೆನ್ನಿನ ಉದ್ದಕ್ಕೂ ಇರುವ ತಿಳಿಬಣ್ಣದ ಗೆರೆಯನ್ನು ಎಲೆಯ ನಡುನರದ ಮೇಲೆ ಸರಿಯಾಗಿ ಹೊಂದಿಸಿ, ಎರಡೂ ಬದಿಗೆ ಗರಿಗಳಂತಹ ಹಸಿರು ಮುಳ್ಳುಗಳನ್ನು ಚಾಚಿ ಮಲಗುವ ಅದನ್ನು, ಕಣ್ಣೆದುರಿಗಿದ್ದರೂ ಕಾಣದೆ ದಾಟಿಹೋಗುವವರೇ ಹೆಚ್ಚು.

ಗಿಡದ ಸುಳಿವೂ ಕೈಕೊಡುವ ಸಂದರ್ಭಗಳಿವೆ. ಪೇಂಟೆಡ್ ಲೇಡಿಯ ಹುಳು ನೂರಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನಬಲ್ಲದು. ಪೂರ್ತಿ ಬೆಳೆದ ಹುಳುಗಳಲ್ಲಿ ಅನೇಕವು ಕೋಶ ಕಟ್ಟಲು ತಮ್ಮ ಗಿಡವನ್ನು ಬಿಟ್ಟು ದೂರ ನಡೆಯುತ್ತವೆ. ಹಾದಿಯ ಮೇಲೆ ಅವಸರದಲ್ಲಿ ಸಾಗುತ್ತಿರುವ ಹುಳುವಿಗೆ ಹತ್ತಿರದ ಗಿಡದ ಹೆಸರನ್ನು ಅಂಟಿಸಬಾರದು.

ಚಿಟ್ಟೆಗಳ ಹೆಸರು ಹೇಗೋ ಸಿಗುತ್ತದೆ ಎಂದಿದ್ದೀರಿ, ಅಲ್ಲಿಯೂ ಸ್ವಲ್ಪ ಎಚ್ಚರಿಕೆ ಬೇಕು. ಪ್ಲೇನ್ ಟೈಗರ್ ಎಂದು ಗುರುತಿಸಿದ ಫೋಟೊಗಳಲ್ಲಿ ಕೆಲವು ಡೆನೈಡ್ ಎಗ್‌ಫ್ಲೈ ಎಂಬ ಬೇರೆ ಚಿಟ್ಟೆಯ ಹೆಣ್ಣಿನವಾಗಿರಬಹುದು, ಏಕೆಂದರೆ ಅದು ವಿಷವಿರುವ ಪ್ಲೇನ್ ಟೈಗರ್‌ನ ಬಣ್ಣವನ್ನು ಅನುಕರಿಸುತ್ತದೆ. ಹಿಂರೆಕ್ಕೆಯ ಮೇಲ್ಬದಿಯನ್ನು ನೋಡಿರಿ: ನಡುಭಾಗದಲ್ಲಿ ಮೂರು ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಟೈಗರ್, ಮುಂದಿನ ಅಂಚಿನ ಬಳಿ ಒಂದೇ ಇದ್ದರೆ ಎಗ್‌ಫ್ಲೈ. ಋತುವಿನ ಪ್ರಶ್ನೆಯೂ ಇದೆ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಕಾಣುವ ಕಾಮನ್ ಈವನಿಂಗ್ ಬ್ರೌನ್ ಚಿಟ್ಟೆಗೆ ಮಳೆಗಾಲದಲ್ಲಿ ರೆಕ್ಕೆಯ ಕೆಳಬದಿಯಲ್ಲಿ ಎದ್ದು ಕಾಣುವ ಕಣ್ಚುಕ್ಕೆಗಳಿರುತ್ತವೆ, ಒಣಗಾಲದಲ್ಲಿ ಹುಟ್ಟಿದವುಗಳಲ್ಲಿ ಅವು ಬಹುಮಟ್ಟಿಗೆ ಮಾಯವಾಗಿ ರೆಕ್ಕೆ ಒಣ ಎಲೆಯಾಗಿಬಿಡುತ್ತದೆ. ಪುಸ್ತಕದಲ್ಲಿ ಮಳೆಗಾಲದ ಚಿತ್ರವಷ್ಟೇ ಇದ್ದರೆ ಬೇಸಿಗೆಯ ಪ್ರವಾಸಿಗೆ ಅದು ಸಿಗುವುದಾದರೂ ಹೇಗೆ? ಆದುದರಿಂದ ರೆಕ್ಕೆಯ ಮೇಲ್ಬದಿ, ಕೆಳಬದಿ ಎರಡರ ಫೋಟೊವೂ ಬೇಕು, ತಾರೀಕೂ ಬೇಕು. ಬೆಳಗಿನ ಎಳೆಬಿಸಿಲಲ್ಲಿ ಮೈ ಕಾಯಿಸಿಕೊಳ್ಳಲು ರೆಕ್ಕೆ ಬಿಚ್ಚಿ ಕೂರುವಾಗ ಮೇಲ್ಬದಿ ಸಿಗುತ್ತದೆ. ಹಳ್ಳದ ಒದ್ದೆ ಮರಳಿನಲ್ಲಿ ಲವಣ ಹೀರಲು ಗುಂಪಾಗಿ ನಿಂತ ಚಿಟ್ಟೆಗಳಲ್ಲಿ ಕೆಳಬದಿ ಸಿಗುತ್ತದೆ. ಹಾಗೆ ನೆರೆದವುಗಳಲ್ಲಿ ಬಹುತೇಕ ಗಂಡುಗಳೇ ಇರುತ್ತವೆ.

2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್‌ನಂತಹ ಜಾಲತಾಣಗಳಿಗೆ ಫೋಟೊ ಹಾಕಿದರೆ ಯಂತ್ರವೂ ಬಲ್ಲವರೂ ಹೆಸರನ್ನು ಸೂಚಿಸುತ್ತಾರೆ. ಯಂತ್ರದ ಸೂಚನೆಯನ್ನು ತೀರ್ಪೆಂದು ಎಣಿಸದೆ, ಅದು ಹೇಳಿದ ಚಿಟ್ಟೆಯ ಹುಳು ನೀವು ಕಂಡ ಗಿಡವನ್ನು ತಿನ್ನುತ್ತದೆಯೇ, ಆ ಚಿಟ್ಟೆ ನೀವು ಹೋಗಿದ್ದ ಪ್ರದೇಶದಲ್ಲಿ ಇದೆಯೇ ಎಂದು ತಾಳೆ ನೋಡಬೇಕು. ಎರಡರಲ್ಲಿ ಒಂದು ಹೊಂದದಿದ್ದರೂ ಆ ಹೆಸರನ್ನು ಬದಿಗಿಡಿ.

ಮಕ್ಕಳ ಜೊತೆಯಲ್ಲಿ ಹೋಗುವವರು ಕೂದಲು ಅಥವಾ ಮುಳ್ಳಿರುವ ಯಾವ ಹುಳುವನ್ನೂ ಬರಿಗೈಯಿಂದ ಮುಟ್ಟದಂತೆ ನೋಡಿಕೊಳ್ಳಬೇಕು. ಚಿಟ್ಟೆಗಳ ಹುಳುಗಳ ಮುಳ್ಳು ಸಾಮಾನ್ಯವಾಗಿ ಅಪಾಯಕಾರಿಯಲ್ಲವಾದರೂ, ಕೆಲವು ಪತಂಗಗಳ ಹುಳುಗಳ ಮುಳ್ಳು ಮತ್ತು ಕೂದಲು ಉರಿ, ತುರಿಕೆ, ಬಾವು ತರುತ್ತವೆ, ಇವೆರಡನ್ನು ಬೇರ್ಪಡಿಸುವ ಪರಿಣತಿ ಸ್ಥಳದಲ್ಲಿ ಎಲ್ಲರಿಗೂ ಇರುವುದಿಲ್ಲ. ಮೈಗೆ ತಾಗಿದರೆ ಉಜ್ಜದೆ, ಅಂಟುಪಟ್ಟಿಯನ್ನು ಒತ್ತಿ ಎಳೆದು ಕೂದಲುಗಳನ್ನು ತೆಗೆದು, ಸಾಬೂನು ನೀರಿನಿಂದ ತೊಳೆಯಬೇಕು. ಕಣ್ಣಿಗೆ ತಾಗಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಹುಳುವನ್ನು ಡಬ್ಬಿಯಲ್ಲಿ ಹಾಕಿ ಮನೆಗೆ ತಂದು ಸಾಕಿದರೆ ಹೆಸರು ಖಚಿತವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಖಚಿತವಾಗುತ್ತದೆ, ಆದರೆ ನಿಮ್ಮ ಮನೆಯ ಸುತ್ತ ಅದರ ಗಿಡ ಸಿಗದಿದ್ದರೆ ಅದು ಬೇರೆ ಎಲೆಯನ್ನು ತಿನ್ನದೆ ಉಪವಾಸ ಸಾಯುತ್ತದೆ, ರಕ್ಷಿತ ಅರಣ್ಯಗಳಿಂದ ಜೀವಿಗಳನ್ನು ಹೊರತರುವುದಕ್ಕೆ ಕಾನೂನಿನ ಅಡ್ಡಿಯೂ ಇರುತ್ತದೆ. ಸಾಕಿದರೂ ಚಿಟ್ಟೆಯೇ ಬರುತ್ತದೆಂಬ ಭರವಸೆ ಇಲ್ಲ. ಹುಳುವಿನ ಮೈಗೆ ಅಂಟಿಕೊಂಡಂತೆ ಅಕ್ಕಿಕಾಳಿಗಿಂತ ಸಣ್ಣದಾದ, ರೇಷ್ಮೆಯಂತಹ ಬಿಳಿಯ ಗೂಡುಗಳ ಗೊಂಚಲು ಕಂಡರೆ ಅವನ್ನು ಮೊಟ್ಟೆಗಳೆಂದು ಬರೆದುಕೊಳ್ಳಬೇಡಿ: ಅವು ಹುಳುವಿನ ಒಳಗೇ ಬೆಳೆದು, ಚರ್ಮ ಕೊರೆದು ಹೊರಬಂದ ಪರಾವಲಂಬಿ ಕಣಜದ ಮರಿಗಳು ಕಟ್ಟಿದ ಕೋಶಗಳು, ಆ ಹುಳುವಿನಿಂದ ಇನ್ನು ಚಿಟ್ಟೆ ಹೊರಡುವುದಿಲ್ಲ.