ರೀಮ್ಯಾಪ್ ಆದ ಮೇಲೆ ಟರ್ಬೊ ಕಾರಿನ ಪವರ್ ಇಳಿದರೆ

ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ), ಹೊಸ ಇಂಟೇಕ್, ಇಸಿಯು ರೀಮ್ಯಾಪ್ (ಇಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ). ಇಷ್ಟೆಲ್ಲ ಹಾಕಿಸಿದ ಮೇಲೂ ಕಾರು ಎಳೆಯುತ್ತಿಲ್ಲ ಅಂದರೆ ಹೆಚ್ಚಿನವರು ಟರ್ಬೊ ಹೋಯಿತು ಅಂದುಕೊಳ್ಳುತ್ತಾರೆ. ಸುಮ್ನೆ ಟರ್ಬೊ ಬಿಚ್ಚಬೇಡಿ. ಮೊದಲು ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಫುಲ್ ಥ್ರಾಟಲ್‌ನಲ್ಲಿ ಓಡಿಸಿ ಇಸಿಯು ಅಂಕಿಗಳ ಲಾಗ್ ತೆಗೆಯಿರಿ. ಇಸಿಯು ಕೇಳಿದ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಎಷ್ಟು, ನಿಜವಾಗಿ ಸಿಕ್ಕಿದ್ದು ಎಷ್ಟು? ಮುಂದಿನ ಹುಡುಕಾಟವೆಲ್ಲ ಈ ಎರಡು ಗೆರೆಗಳ ಮೇಲೆಯೇ ನಿಂತಿದೆ.

ಲಾಗ್‌ನ ಅಂಕಿಯಲ್ಲಿ ಸಾಮಾನ್ಯವಾಗಿ ಹೊರಗಿನ ಗಾಳಿಯ ಒತ್ತಡವೂ ಸೇರಿರುತ್ತದೆ. 2000 ಮಿಲಿಬಾರ್ ಅಂದರೆ ಮಂಗಳೂರಿನಲ್ಲಿ ಸುಮಾರು 1 ಬಾರ್ ಬೂಸ್ಟ್. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹೊರಗಿನ ಒತ್ತಡವೇ 910ರ ಆಸುಪಾಸು. ಅದೇ 2000 ಮುಟ್ಟಲು ಇಲ್ಲಿ ಟರ್ಬೊ ಜಾಸ್ತಿ ದುಡಿಯಬೇಕು. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಸೆನ್ಸರ್ ನಿಮ್ಮೂರಿನ ಒತ್ತಡವನ್ನೇ ತೋರಿಸಬೇಕು. ಇಲ್ಲವಾದರೆ ಸೆನ್ಸರ್ ಮೇಲೆಯೇ ಅನುಮಾನ.

ಸಿಕ್ಕಿದ್ದು ಕಡಿಮೆ ಇದ್ದರೆ (ಬೂಸ್ಟ್ ಕಡಿಮೆ ಎನ್ನುವ ಪಿ0299 ದೋಷದ ಕೋಡ್ ಕೂಡ ಬಂದಿರಬಹುದು) ಹೊಸದಾಗಿ ಕೂಡಿಸಿದ ಹೋಸ್, ಕ್ಲ್ಯಾಂಪ್‌ಗಳನ್ನು ಮೊದಲು ನೋಡಿ. ಏರ್‌ಫ್ಲೋ ಮೀಟರ್ (ಒಳಗೆ ಹೋಗುವ ಗಾಳಿ ಅಳೆಯುವ ಸೆನ್ಸರ್) ಇರುವ ಪೆಟ್ರೋಲ್ ಕಾರಿನಲ್ಲಿ ಸೋರಿಕೆ ಒಳ್ಳೆಯ ಸುಳಿವು ಕೊಡುತ್ತದೆ. ಅಳೆದ ಗಾಳಿ ಬೂಸ್ಟ್‌ನಲ್ಲಿ ಹೊರಗೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ, ಕಪ್ಪು ಹೊಗೆ ಬರಬಹುದು. ಈಗ ಐಡಲ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ. ಅದು ಪ್ಲಸ್ ಕಡೆಗೆ ಏರಿದ್ದರೆ ತೂತು ಥ್ರಾಟಲ್ ಆಚೆ, ಮ್ಯಾನಿಫೋಲ್ಡ್ ಕಡೆ ಇರಬಹುದು. ಅಲ್ಲಿ ಐಡಲ್‌ನಲ್ಲಿ ನಿರ್ವಾತ ಇರುವುದರಿಂದ ಅಳೆಯದ ಗಾಳಿ ಒಳಗೆ ನುಗ್ಗುತ್ತದೆ. ಐಡಲ್ ಸರಿಯಾಗಿದ್ದರೆ ಟರ್ಬೊದಿಂದ ಥ್ರಾಟಲ್‌ವರೆಗಿನ ಪೈಪ್ ಹುಡುಕಿ. ಒಂದೇ ಒಂದು ಪಾರ್ಟ್ ಬಿಚ್ಚದೆ ಇಷ್ಟು ತಿಳಿಯುತ್ತದಲ್ವಾ, ನನಗೆ ತುಂಬಾ ಇಷ್ಟವಾದ ಪಾಠ ಇದು.

ಖಚಿತ ಮಾಡಿಕೊಳ್ಳಲು ತಣ್ಣಗಿನ ಇಂಜಿನ್‌ನಲ್ಲಿ ಟರ್ಬೊ ಬಾಯಿಗೆ ಮುಚ್ಚಳ ಹಾಕಿ. ಬ್ರೀದರ್ ಹೋಸ್ (ಕ್ರ್ಯಾಂಕ್‌ಕೇಸ್‌ನ ಗಾಳಿ ಇಂಟೇಕ್‌ಗೆ ಬರುವ ಕೊಳವೆ) ಬಂದ್ ಮಾಡಿ, ಇಲ್ಲದಿದ್ದರೆ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ಹೋಗಿ ಸೀಲ್ ಹಾಳಾಗಬಹುದು. ರೆಗ್ಯುಲೇಟರ್ ಮೂಲಕ ನಿಧಾನವಾಗಿ ಗಾಳಿ ಬಿಟ್ಟು ಸೋಪು ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ. ಎಲ್ಲೂ ಗುಳ್ಳೆ ಇಲ್ಲವೇ? ಹಾಗಾದರೆ ಡೈವರ್ಟರ್ ವಾಲ್ವ್ (ಥ್ರಾಟಲ್ ಬಿಟ್ಟಾಗ ಬೂಸ್ಟ್ ಬಿಡುವ ವಾಲ್ವ್), ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ರಾಡ್, ಅದರ ಸಣ್ಣ ಹೋಸ್ ನೋಡಿ.

ಬೂಸ್ಟ್ ಕೇಳಿದ್ದಕ್ಕಿಂತ ಜಾಸ್ತಿ ಬಂದರೂ ಪವರ್ ಹೋಗುತ್ತದೆ. ಬೂಸ್ಟ್ ಜಾಸ್ತಿ ಎನ್ನುವ ಪಿ0234 ಕೋಡ್ ಬಂದು ಇಸಿಯು ಕಾರನ್ನು ಲಿಂಪ್ ಮೋಡ್‌ಗೆ (ಇಂಜಿನ್ ಉಳಿಸಲು ಪವರ್ ಇಳಿಸುವ ಸ್ಥಿತಿ) ತಳ್ಳಬಹುದು.

ಎರಡು ಗೆರೆಯೂ ಕೂಡಿಕೊಂಡಿವೆ, ಆದರೂ ಎಳೆತ ಇಲ್ಲ ಅಂದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿ. 98 ಆಕ್ಟೇನ್‌ಗೆ ಬರೆದ ಮ್ಯಾಪ್‌ಗೆ 91 ಹಾಕಿದರೆ ಪೆಟ್ರೋಲ್ ತಾನಾಗಿ ಸಿಡಿಯುವ ನಾಕ್ ಆಗಬಹುದು, ಅದು ನಾಕ್ ಸೆನ್ಸರ್‌ಗೆ ಸಿಕ್ಕಿತೆಂದರೆ ಇಸಿಯು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಟೈಮಿಂಗ್ ಸರಿಯಿದ್ದು ಮೇಲಿನ ಆರ್‌ಪಿಎಂನಲ್ಲಿ ಕಾರು ಮುಗ್ಗರಿಸಿದರೆ ಪ್ಲಗ್ ಗ್ಯಾಪ್ ಅಳೆಯಿರಿ. ಒತ್ತಡ ಜಾಸ್ತಿಯಾದಷ್ಟೂ ಕಿಡಿ ಹಾರುವುದು ಕಷ್ಟ. ಅದಕ್ಕೇ ಬೂಸ್ಟ್ ಏರಿಸಿದವರು 0.8 ಮಿ.ಮೀ. ಇದ್ದ ಗ್ಯಾಪನ್ನು 0.6, 0.7ಕ್ಕೆ ಇಳಿಸುತ್ತಾರೆ.