ಮೂರನೇ ದೋಸೆ ಸಲೀಸಾಗಿ ಏಳುವುದೇಕೆ?

"ನೋಡೋ ತಮ್ಮಾ, ಮೂರು ಗ್ರೂಪ್‌ನಾಗೆ ಬಂದೈತಿ. ಸುಳ್ಳು ಹೆಂಗಾಗತೈತಿ?"

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲೊಂದರಲ್ಲಿ ಕೂತು ನಮ್ಮ ದೊಡ್ಡಪ್ಪ ಹೀಗೆ ಕೇಳಿದರು. ವಾಟ್ಸಾಪ್ ಮೆಸೇಜು ಹಳೆಯದೇ. ಇವತ್ತು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ, ನಾಸಾ ಹೇಳಿದೆ. ಊರ ಜಾತ್ರೆಯ ಹಾಗೆ ಇದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕಾಸ್ಮಿಕ್ ಕಿರಣಗಳಿಗೆ ಟೈಮ್‌ಟೇಬಲ್ ಇಲ್ಲ. ಅವು ಬಾಹ್ಯಾಕಾಶದಿಂದ ಬಂದು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಸೂಕ್ಷ್ಮ ಕಣಗಳು ನೆಲದ ಮೇಲೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತವೆ. ದೋಸೆ ಮುರಿಯುತ್ತಿದ್ದ ದೊಡ್ಡಪ್ಪನ ಅಂಗೈಯನ್ನೂ ಆಗ ತೂರಿ ಹೋಗುತ್ತಿದ್ದವು. ಇಷ್ಟೆಲ್ಲ ಹೇಳಿದೆ. ಅವರು ಮತ್ತೆ "ಮೂರು ಗ್ರೂಪ್" ಎಂದರು.

ಆಮೇಲೆ ಯೋಚಿಸಿದರೆ ಅವರ ಪ್ರಶ್ನೆ ದಡ್ಡ ಪ್ರಶ್ನೆಯೇನಲ್ಲ.

1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲಿನ್ ಹ್ಯಾಶರ್, ಡೇವಿಡ್ ಗೋಲ್ಡ್‌ಸ್ಟೈನ್ ಮತ್ತು ಥಾಮಸ್ ಟಾಪಿನೋ ಒಂದು ಸರಳ ಪ್ರಯೋಗ ಮಾಡಿದರು. ಕಾಲೇಜು ವಿದ್ಯಾರ್ಥಿಗಳ ಮುಂದೆ 60 ವಾಕ್ಯ ಇಟ್ಟು, ಯಾವುದು ಎಷ್ಟು ನಿಜ ಅನ್ನಿಸುತ್ತದೆ ಎಂದು ಅಂಕ ಹಾಕಿಸಿದರು. ಎರಡು ವಾರ ಬಿಟ್ಟು ಮತ್ತೊಮ್ಮೆ. ಇನ್ನೆರಡು ವಾರ ಬಿಟ್ಟು ಇನ್ನೊಮ್ಮೆ. ಪ್ರತಿ ಸಲ ಹೊಸ ವಾಕ್ಯಗಳ ನಡುವೆ ಕೆಲವು ಹಳೆಯವನ್ನೂ ನುಸುಳಿಸಿದ್ದರು. ಹೊಸವುಗಳ ಅಂಕ ಇದ್ದಲ್ಲೇ ಇತ್ತು. ಮರಳಿ ಬಂದವುಗಳ ಅಂಕ ಏರಿತು. ನಿಜವಾದ ವಾಕ್ಯಕ್ಕೂ ಏರಿತು, ಸುಳ್ಳು ವಾಕ್ಯಕ್ಕೂ ಏರಿತು. ಯಾರೂ ವಾದ ಮಾಡಿರಲಿಲ್ಲ, ಪುರಾವೆ ಕೊಟ್ಟಿರಲಿಲ್ಲ. ಸುಮ್ನೆ ಇನ್ನೊಮ್ಮೆ ಓದಿಸಿದ್ದರು ಅಷ್ಟೇ.

ಒಳಗೆ ಏನಾಗುತ್ತದೆ? ಹೋಟೆಲಿನ ಕಾವಲಿಯನ್ನೇ ನೋಡಿ. ಬೆಳಿಗ್ಗೆ ಮೊದಲ ದೋಸೆ ಅಂಟುತ್ತದೆ, ಹರಿಯುತ್ತದೆ. ಎರಡನೆಯದು ಪರವಾಗಿಲ್ಲ. ಮೂರನೆಯದು ತಾನಾಗಿಯೇ ಎದ್ದು ಬರುತ್ತದೆ. ಹಿಟ್ಟು ಅದೇ. ಪಳಗಿದ್ದು ಕಾವಲಿ. ಮನಸ್ಸೂ ಹಾಗೆಯೇ. ಒಂದು ಮಾತನ್ನು ಮೊದಲ ಸಲ ಕೇಳಿದಾಗ ಅರ್ಥ ಮಾಡಿಕೊಳ್ಳಲು ಸ್ವಲ್ಪ ತಿಣುಕಬೇಕು. ಮೂರನೇ ಸಲಕ್ಕೆ ಅದು ಜಾರಿಕೊಂಡು ಒಳಗೆ ಇಳಿಯುತ್ತದೆ. ತಮಾಷೆ ಇರುವುದು ಇಲ್ಲಿ. ಈ ಸಲೀಸನ್ನು ನಾವು ಕಾವಲಿಯ ಲೆಕ್ಕಕ್ಕೆ ಬರೆಯುವುದಿಲ್ಲ, ಹಿಟ್ಟಿನ ಲೆಕ್ಕಕ್ಕೆ ಬರೆಯುತ್ತೇವೆ. ಸುಲಭವಾಗಿ ಇಳಿಯಿತು, ಹಾಗಾದರೆ ನಿಜವೇ ಇರಬೇಕು!

ದೋಸೆ ಹಿಡಿಸದಿದ್ದರೆ ಚಿತ್ರದುರ್ಗಕ್ಕೆ ಬನ್ನಿ. ಜೋಗಿಮಟ್ಟಿ ಕಡೆ ಗುಡ್ಡದಲ್ಲಿ ಅಡ್ಡಾಡುವಾಗ ಸವೆದ ಕಾಲುದಾರಿ ಕಂಡರೆ ಹಿಂದುಮುಂದು ನೋಡದೆ ಹಿಡಿಯುತ್ತೇವೆ. ಇಷ್ಟು ಸವೆದಿದೆ ಅಂದಮೇಲೆ ಎಲ್ಲಿಗೋ ಹೋಗುತ್ತದೆ, ಅಲ್ವಾ? ಮೇಕೆಗಳೂ ದಾರಿ ಸವೆಸುತ್ತವೆ. ನಾನೊಮ್ಮೆ ಅಂಥ ದಾರಿ ಹಿಡಿದು ಒಂದು ಜಾಲಿ ಪೊದೆಯ ಮುಂದೆ ನಿಂತಿದ್ದೆ.

ಸಲೀಸು ಅನ್ನಿಸಲು ಮೂರು ಸಲ ಹೇಳಲೇಬೇಕೆಂದೂ ಇಲ್ಲ. ರಾಲ್ಫ್ ರೆಬರ್ ಮತ್ತು ನಾರ್ಬರ್ಟ್ ಶ್ವಾರ್ಜ್ 1999ರಲ್ಲಿ "ಓಸೋರ್ನೋ ಚಿಲಿಯಲ್ಲಿದೆ" ಎಂಬಂಥ ವಾಕ್ಯಗಳನ್ನು ಎದ್ದು ಕಾಣುವ ಬಣ್ಣದಲ್ಲೂ ಮಸುಕು ಬಣ್ಣದಲ್ಲೂ ತೋರಿಸಿದರು. ಎದ್ದು ಕಂಡದ್ದೇ ಹೆಚ್ಚು ನಿಜ ಅನ್ನಿಸಿತು. ಮರುವರ್ಷ ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಅವರ ಜೊತೆಗಾರ್ತಿ ಇಂಗ್ಲಿಷ್ ಗಾದೆಗಳನ್ನು ಹಿಡಿದರು. ಪ್ರಾಸ ಇದ್ದಾಗ ಒಪ್ಪಿದಷ್ಟು, ಅದೇ ಅರ್ಥವನ್ನು ಪ್ರಾಸ ಕೆಡಿಸಿ ಹೇಳಿದಾಗ ಜನ ಒಪ್ಪಲಿಲ್ಲ. ನಮ್ಮಲ್ಲಿ ಇದಕ್ಕೆ ಬರವೇ? "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಊಟ ಬಲ್ಲ ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಹೇಳುವುದೂ ಒಂದು ಗಾದೆಯೇ. ತನ್ನ ಸಾಕ್ಷಿಗೆ ತಾನೇ ನಿಂತ ಹಾಗೆ.

ಓದಿಕೊಂಡವರು ಇದಕ್ಕೆ ಬೀಳುವುದಿಲ್ಲ ಎಂದುಕೊಂಡರೆ ಲೀಸಾ ಫೇಜಿಯೋ ತಂಡದ 2015ರ ಕೆಲಸ ನೋಡಿ. ಅವರು ಬಳಸಿದ ಒಂದು ವಾಕ್ಯ ಕೇಳಿದರೆ ನಮ್ಮವರಿಗೆ ನಗು ಬರುತ್ತದೆ: ಸ್ಕಾಟ್‌ಲೆಂಡಿನವರು ಉಡುವ ಗಿಡ್ಡ ನೆರಿಗೆ ಲಂಗಕ್ಕೆ ಸೀರೆ ಎನ್ನುತ್ತಾರೆ. ಅದರ ಹೆಸರು ಕಿಲ್ಟ್ ಎಂದು ಗೊತ್ತಿದ್ದವರಲ್ಲೂ, ಇಂಥ ವಾಕ್ಯವನ್ನು ಮತ್ತೆ ಕೇಳಿದಾಗ ನಂಬಿಕೆ ಕೊಂಚ ಮೇಲೇರಿತು. ಗೊತ್ತಿರುವುದು ಒಂದು, ಗೊತ್ತಿರುವುದನ್ನು ಹೊತ್ತಿಗೆ ಸರಿಯಾಗಿ ಕಪಾಟಿನಿಂದ ತೆಗೆಯುವುದು ಇನ್ನೊಂದು. "ಬೇರೆಯವರು ಮರುಳಾಗುತ್ತಾರೆ, ನಾನಲ್ಲ" ಎನ್ನುವ ಭಾವನೆಯ ಬಗ್ಗೆಯೂ ಫಿಲಿಪ್ಸ್ ಡೇವಿಸನ್ 1983ರಲ್ಲೇ ಬರೆದಿದ್ದಾರೆ. ಅದು ಎಲ್ಲರಿಗೂ ಇದೆ, ನನಗೂ.

ಹಾಗಂತ ಮಿದುಳನ್ನು ಬೈಯಲು ನನಗೆ ಮನಸ್ಸಿಲ್ಲ. 2022ರಲ್ಲಿ ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟೆ ಕೋಡಿ ಬಿತ್ತು. 80ಕ್ಕೂ ಜಾಸ್ತಿ ವರ್ಷ ಬೀಳದ ಕೋಡಿ. ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ಮೂವರು ಹೇಳಿದ ಮೇಲೆ ನಂಬಿದೆ, ಸರಿಯಾಗಿಯೇ ನಂಬಿದೆ. ಏಕೆಂದರೆ ಮೂವರೂ ಬೇರೆ ಬೇರೆಯಾಗಿ ಹೋಗಿ ಕಣ್ಣಾರೆ ನೋಡಿ ಬಂದಿದ್ದರು. ಮೂರು ಬಾಯಿಯ ಹಿಂದೆ ಮೂರು ಜೊತೆ ಕಣ್ಣು. ಊರಿನ ಬದುಕಿಗೆ ಈ ಲೆಕ್ಕ ಸಾಕಿತ್ತು. ಮೊಬೈಲ್ ಕೆಡಿಸಿದ್ದು ಈ ಲೆಕ್ಕವನ್ನೇ. ಈಗ ಬಾಯಿ ಮೂರಲ್ಲ, ಮುನ್ನೂರು. ಕಣ್ಣು ಒಂದೂ ಇಲ್ಲದಿರಬಹುದು.

ಮೊಬೈಲ್‌ಗಿಂತ ಮುಂಚೆಯೂ ಕೆಟ್ಟದ್ದುಂಟು. ತೊಂಬತ್ತರ ದಶಕದ "ನಾಳೆ ಬಾ" ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲಿ ಕರೆಯುತ್ತದೆ, ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎಂಬುದಷ್ಟೇ ಇದರಲ್ಲಿ ಸಮಾಧಾನದ ವಿಷಯ. ನಮ್ಮ ಬೀದಿಯಲ್ಲಿ ಮೊದಲು ಒಂದು ಮನೆ, ವಾರದಲ್ಲಿ ಸಾಲು ಪೂರ್ತಿ. ಶಾಲೆಗೆ ಹೋಗುವ ದಾರಿಯಲ್ಲಿ ಇಪ್ಪತ್ತು ಬಾಗಿಲಿದ್ದರೆ ಇಪ್ಪತ್ತು ಸಲ ಓದಬೇಕು, ಬರುವಾಗ ಮತ್ತೆ ಇಪ್ಪತ್ತು. ಸೀಮೆಸುಣ್ಣದ ಫಾರ್ವರ್ಡ್ ಅದು. ಕೊನೆಗೆ ನಮ್ಮಮ್ಮನೂ ಬರೆದರು. "ನಂಬಿಕೆ ಇಲ್ಲ, ಆದ್ರೂ ಇರ್ಲಿ" ಎಂದಿದ್ದರು.

2018ರಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಿಂತ ಜಾಸ್ತಿ ಕಳಿಸದಂತೆ ಮಿತಿ ಹಾಕಿತು. 2020ರಲ್ಲಿ, ತುಂಬಾ ಸಲ ಕೈ ಬದಲಾಯಿಸಿದ್ದಕ್ಕೆ ಒಂದೇ ಕಡೆ ಎಂದಿತು. ಅಂಥ ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು, ಹಲವು ಬಾರಿ ಕಳಿಸಲಾಗಿದೆ ಎಂಬ ಸೂಚನೆ. ಹುಷಾರಾಗಿರಿ ಎಂದು ಹಾಕಿದ್ದು. ದೊಡ್ಡಪ್ಪ ಅದನ್ನು ಸರ್ಟಿಫಿಕೇಟ್ ಎಂದು ಓದಿಕೊಂಡಿದ್ದಾರೆ. "ಇಷ್ಟು ಮಂದಿ ಕಳಿಸ್ಯಾರೆ ನೋಡು."

ಕಾಫಿ ಬಂತು. "ದೊಡ್ಡಪ್ಪಾ, ಆ ಮೂರು ಗ್ರೂಪಿಗೆ ಹಾಕಿದ್ದು ಯಾರ್ಯಾರು ನೋಡಿ" ಎಂದೆ. ಕನ್ನಡಕ ಏರಿಸಿ ಬೆರಳಾಡಿಸಿದರು. ಎರಡು ಕಡೆ ಹರಿಹರದ ಭಾವಮೈದುನನೇ ಹಾಕಿದ್ದ. ಮೂರನೆಯದನ್ನು ಹಾಕಿದ್ದು ದೊಡ್ಡಪ್ಪನೇ. ಜೋರಾಗಿ ನಕ್ಕರು, ಬಿಲ್ಲೂ ಅವರೇ ಕೊಟ್ಟರು.

ರಾತ್ರಿ ಹನ್ನೆರಡೂವರೆಗೆ, ಪರೀಕ್ಷೆಗೆಂದು ಫೋನ್ ಮಾಡಿದೆ. ಸ್ವಿಚ್ ಆಫ್.